ಮೈಲಮ್ಮನ ರಜ

ನಮ್ಮ ಪಕ್ಕದ ಮನೆಯ ಮೈಲಮ್ಮನಿಗೆ ಮುಟ್ಟು ನಿಂತು ವರ್ಷವಾಯಿತು. ದಾವಣಗೆರೆಯೆಲ್ಲ ಕಂಬಳಿ ಹೊದ್ದ ಮಾಗಿಯಲ್ಲೂ ಅವಳು ಮೊರದಿಂದ ಗಾಳಿ ಬೀಸಿಕೊಂಡು, "ಮೈಯಾಗೆ ಮಿಲ್ಲಿನ ಬಾಯ್ಲರ್ ಉರೀತೈತೆ ನೋಡಕ್ಕ" ಎನ್ನುತ್ತಾಳೆ. ರೊಟ್ಟಿ ಸುಡುವಾಗ ಬೆವರಿದರೆ ಹಂಚಿಗೆ ಬೈಯುತ್ತಾಳೆ, ಮರುಗಳಿಗೆ ಅಳುತ್ತಾಳೆ, ಅತ್ತದ್ದಕ್ಕೆ ಗಂಡ ಓಬಯ್ಯನಿಗೆ ಬೈಯುತ್ತಾಳೆ. ಇಷ್ಟಾದರೂ ತಿಂಗಳಿಗೊಮ್ಮೆ ಚಾಪೆ ಹಿಡಿದು ಹಿತ್ತಿಲ ಜಗಲಿಗೆ ಬಂದು, "ನಾನು ಹೊರಗಾಗೀನಿ, ಯಾರೂ ಮುಟ್ಟಬ್ಯಾಡ್ರಿ" ಎಂದು ಕೂಗಿ ಕಾಲು ಚಾಚುತ್ತಾಳೆ. ಆ ಮೂರು ದಿನ ಒಲೆ, ಬಾವಿ, ಸಗಣಿ ಎಲ್ಲ ಓಬಯ್ಯನ ಪಾಲು. ಮದುವೆಯಾದಾಗಿನಿಂದ ಅವಳಿಗೆ ಸಿಕ್ಕ ರಜ ಅದೊಂದೇ; ಮುಟ್ಟು ನಿಂತಿತೆಂದು ಅದನ್ನು ಬಿಡಲು ಅವಳೇನು ದಡ್ಡಿಯಲ್ಲ. ಹರಿಹರದಿಂದ ನಾದಿನಿ ಮಕ್ಕಳನ್ನು ಕಟ್ಟಿಕೊಂಡು ಬಂದ ತಿಂಗಳು ಮೈಲಮ್ಮ ಎರಡು ಸಲ ಹೊರಗಾದಳು. ಓಬಯ್ಯನಿಗೆ ಏನೂ ತಿಳಿಯದೆಂದು ಅವಳೂ ನಾನೂ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದೆವು. ಮೊನ್ನೆ ಅವಳು ದಿನ ಮರೆತು ಒಲೆ ಮುಂದೆ ಬೇಯುತ್ತಿದ್ದಳು. ಓಬಯ್ಯನೇ ಚಾಪೆ ತಂದು ಜಗಲಿಗೆ ಹಾಸಿ, "ಏಳೇ, ನಿನ್ನ ದಿನ ಬಂದೈತೆ, ಹೊರಗೆ ಕೂಡ್ರು" ಎಂದ. ಮೈಲಮ್ಮ ಬೈಯಲೂ ಇಲ್ಲ, ಅಳಲೂ ಇಲ್ಲ. ಎದ್ದು ಬಂದು ಕೂತಳು. ನನಗೂ ನಿಂತಿದೆ. ಮನೆಯಲ್ಲಿ ಚಾಪೆಯೂ ಇದೆ. ಹಾಸಿ ಕೂರು ಎನ್ನಲು ನಮ್ಮ ಯಜಮಾನರು ಈಗಿಲ್ಲ.