ಓಬಳಪ್ಪ ಮೇಷ್ಟ್ರ ಕಾಲುಪೆಟ್ಟಿಗೆ

ಓಬಳಪ್ಪ ಮೇಷ್ಟ್ರ ಹೆಸರು ನನ್ನ ಕಿವಿಗೆ ಬಿದ್ದದ್ದು ಸೊಕ್ಕೆಗೆ ಸೊಸೆಯಾಗಿ ಬಂದ ವರ್ಷ. ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದೆ. ನಮ್ಮ ಯಜಮಾನರು ಬಂದವರೇ, "ನಾಳೆ ಓಬಳಪ್ಪ ಅಂತ ಒಬ್ಬರು ಬರ್ತಾರೆ, ಕಾಲಲ್ಲಿ ತುಳಿಯೋ ಪೆಟ್ಟಿಗೆ ಐತೆ ಅವರತ್ರ," ಅಂದರು. ಹೊಲಿಗೆ ಮಿಷಿನ್ನಿನವರು ಅಂದುಕೊಂಡೆ. ಮಾರನೇ ದಿನ ತೋಳು ಹರಿದ ಕುಪ್ಪಸ ಹಿಡಿದು ಹೋಗಿ ನಿಂತೆ. ಆ ಮನುಷ್ಯ ಸೂಟ್‌ಕೇಸಿನಂಥದ್ದನ್ನು ಬಿಚ್ಚಿ, ಅದರ ಕಾಲು ನಿಲ್ಲಿಸಿ, ಮುಚ್ಚಳ ಎತ್ತಿದರೆ ಒಳಗೆ ಹಾರ್ಮೋನಿಯಂ. ನಾಟಕ ಕಲಿಸೋಕೆ ಬಂದ ಮೇಷ್ಟ್ರು. ನನ್ನ ಕೈ ನೋಡಿ, "ಇದನ್ನ ಯಾವ ರಾಗದಾಗೆ ಹೊಲೀಲಿ ತಂಗಿ?" ಅಂದರು. ಊರಿಗೂರೇ ನಕ್ಕಿತು. ಆ ಹಟಕ್ಕೇ ನಾನು ಮುಂದೆ ಮಿಷಿನ್ ಹೊಲಿಗೆ ಕಲಿತದ್ದು.

ಮೇಷ್ಟ್ರಿಗೆ ಹೆಂಡತಿ ಮಕ್ಕಳಿಲ್ಲ, ಪೆಟ್ಟಿಗೆಯೇ ಎಲ್ಲ. ಒಂದು ತಿಂಗಳು ಹೊನ್ನಾಳಿ ಕಡೆ, ಇನ್ನೊಂದು ತಿಂಗಳು ನ್ಯಾಮತಿ, ಸುಗ್ಗಿ ಮುಗಿದ ಮೇಲೆ ಚನ್ನಗಿರಿಯ ಕತ್ತಲಗೆರೆ. ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಹಾಕೋಕೆ ಬಿಡುತ್ತಿರಲಿಲ್ಲ. ಧೂಳು ಹೊಕ್ಕರೆ ಕೆಮ್ಮುತ್ತದೆ ಅಂತ ತೊಡೆಯ ಮೇಲೇ ಇಟ್ಟುಕೊಳ್ಳೋರು. ಇದ್ದ ಊರಲ್ಲಿ ಯಾರಾದರೂ ಸತ್ತರೆ, ಕರೆಯದಿದ್ದರೂ ಹೋಗಿ ಹೆಣದ ಮುಂದೆ ಭಜನೆಗೆ ಬಾರಿಸೋರು, ಎತ್ತೋವರೆಗೂ. ನಮ್ಮ ಯಜಮಾನರು ಹೋದಾಗಲೂ ಹಂಗೇ ಕೂತಿದ್ದರು.

ವಯಸ್ಸಾದ ಮೇಲೆ ನಮ್ಮ ಹಿತ್ತಲ ಕೋಣೆಯಲ್ಲೇ ಉಳಿದರು. ನಾಟಕಕ್ಕೆಲ್ಲ ಕರೆಂಟಿನ ಕೀಬೋರ್ಡ್ ಬಂದು, ಇವರನ್ನು ಕೇಳೋರೇ ಇರಲಿಲ್ಲ. ಮೇಲೆ ಸಕ್ಕರೆ ಕಾಯಿಲೆ. ಹೋದ ವರ್ಷ ಬಲಗಾಲು ಮೊಣಕಾಲಿನ ಕೆಳಗೆ ತೆಗೆದರು. ಆಸ್ಪತ್ರೆಯಿಂದ ಬಂದವರೇ, ಎರಡೂ ಕಾಲಲ್ಲಿ ತುಳಿಯೋ ಗಾಳಿ ತಿದಿಯನ್ನು ಒಂದೇ ಕಾಲಲ್ಲಿ ತುಳಿದು ನೋಡಿದರು. ಸ್ವರ ಕುಂಟಿತು. ಪೆಟ್ಟಿಗೆ ಮಡಚಿ, ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟರು. ಕೊಟ್ಟ ರೊಟ್ಟಿ ಹಂಗೇ ವಾಪಸ್ ಬರುತ್ತಿತ್ತು.

ಒಂದು ಮಧ್ಯಾಹ್ನ ನಾನೇ ಪೆಟ್ಟಿಗೆ ಬಿಚ್ಚಿ, ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತೆ. "ನಾನು ತುಳೀತೀನಿ, ನೀವು ಬಾರಿಸ್ರಿ."

"ಮಿಷಿನ್ ಓಡಿಸಿದಂಗೆ ಓಡಿಸಬ್ಯಾಡವ್ವ. ಮಲಗಿದೋರು ಉಸಿರಾಡ್ತಾರಲ್ಲ, ಹಂಗೆ ತುಳಿ."

ದಿನಾ ಹಿಂಗೇ ನಡೆಯಿತು. ಬೆರಳು ಅವರದು, ಕಾಲು ನನ್ನದು. ರೊಟ್ಟಿ ವಾಪಸ್ ಬರೋದು ನಿಂತಿತು.

ಈ ಆಷಾಢದಲ್ಲಿ ಉಳಿದ ಕಾಲೂ ಕಪ್ಪಾಯಿತು. ಡಾಕ್ಟರು ಅದನ್ನೂ ತೆಗೀಬೇಕು ಅಂದರೆ ಇವರು ಒಪ್ಪಲಿಲ್ಲ. ಬೆರಳಲ್ಲೂ ಶಕ್ತಿ ಹೋಗಿತ್ತು. ಒಂದು ಬೆಳಿಗ್ಗೆ ಕರೆದು ಕೂರಿಸಿಕೊಂಡರು.

"ನಾನು ಹೋದರೆ ಸ್ಪೀಕರಿನಾಗೆ ಭಜನೆ ಹಚ್ತಾರೆ ತಂಗಿ. ಸತ್ತೋರೆಲ್ಲರ ಮುಂದೆ ನಾನು ಬಾರಿಸಿದೆ. ನನ್ನ ಮುಂದೆ ಬಾರಿಸಾಕೆ ಯಾರದಾರೆ?"

"ನಂಗೆ ತುಳಿಯಾದು ಬಿಟ್ರೆ ಏನು ಬರ್ತೈತೆ ಮೇಷ್ಟ್ರೇ?"

ಪೊರಕೆಯಿಂದ ಒಂದು ಕಡ್ಡಿ ಮುರಿಸಿಕೊಂಡು, ಹಾರ್ಮೋನಿಯಂನಲ್ಲಿ ಬೆರಳಿಡೋ ಬಿಳಿ ಪಟ್ಟಿಯೊಂದನ್ನು ಒತ್ತಿ, ಅದು ಏಳದಂತೆ ಕಡ್ಡಿಯನ್ನು ಸಂದಿಗೆ ಸಿಗಿಸಿದರು. ಅಷ್ಟಕ್ಕೇ ಬಹಳ ಹೊತ್ತು ಹಿಡಿಯಿತು. ತುಳಿದೆ. ಒಂದೇ ಸ್ವರ ಎದ್ದು ಕೋಣೆಯಲ್ಲಿ ನಿಂತಿತು.

"ಹಾಡು ಬ್ಯಾಡ, ಇಷ್ಟೇ ಸಾಕು," ಅಂದರು. "ನನ್ನ ಎತ್ತೋವರೆಗೆ ತುಳೀತಿರು. ನಡುವೆ ಕುಂಟಿಸಬ್ಯಾಡ."