ಚಾಂದಬಿ ಸೋಸಿದ ನೀರು

ಚಿಗಳ್ಳಿಯ ಕೆರೆಯ ಆಚೆ ದಂಡೆಯಲ್ಲಿ ಸಿದ್ದಿಗಳ ನಾಲ್ಕಾರು ಗುಡಿಸಲುಗಳಿದ್ದವು. ಕೊನೆಯದು ಚಾಂದಬಿಯದು, ನಮ್ಮ ಹೊಲಕ್ಕೆ ಹತ್ತಿದ್ದು. ಅವಳ ಮನೆಯಲ್ಲಿ ನೀರು ಕುಡಿಯುವುದೆಂದರೆ ದೊಡ್ಡ ಶಾಸ್ತ್ರ. ಕೊಡದ ಬಾಯಿಗೆ ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಕಟ್ಟಿ, ಅದರಲ್ಲಿ ಸೋಸದೆ ಕೆರೆಯ ನೀರನ್ನು ಯಾರ ಬಾಯಿಗೂ ಹಾಕುತ್ತಿರಲಿಲ್ಲ. ಕೋಳಿಗಳಿಗೂ ಸೋಸಿದ್ದೇ. ಬಟ್ಟೆಯ ಮೇಲೆ ನಿಂತ ಹಸಿರು ಕಸವನ್ನು ದಿನಾ ಬೆಳಿಗ್ಗೆ ಅಂಗಳಕ್ಕೆ ಜಾಡಿಸುವಳು. ನಾವೆಲ್ಲ ನಗುತ್ತಿದ್ದೆವು. ನಗುವವರಿಗೇನು, ಗಂಡ ಸತ್ತದ್ದು ಅವಳಿಗಲ್ಲವೇ? ಕಾಸಿಂಸಾಬನ ಕಾಲಿನಲ್ಲಿ ನಾರುಹುಣ್ಣು ಎದ್ದು, ಹೊರಗೆಳೆಯುವಾಗ ದಾರದಂಥ ಹುಳ ನಡುವೆ ಹರಿದು, ಕಾಲು ಕೊಳೆತು ಅವನು ಹೋಗಿದ್ದ. ಸೋಸದ ನೀರಿನಿಂದ ಅದು ಬರುತ್ತದೆಂದು ಆಮೇಲೆ ಯಾರೋ ಹೇಳಿದರು. ಅಂದು ಕಟ್ಟಿದ ಬಟ್ಟೆ ಅದು.

ಉಳಿದವನು ಒಬ್ಬನೇ ಮಗ, ಇಬ್ರಾಹಿಂ. ಬ್ರಿಟಿಷರ ಕಾಲ; ಮಹಾಯುದ್ಧ ಶುರುವಾದ ವರ್ಷ ಗುಡಿಸಲಿನ ಮಾಡು ಕುಸಿಯಿತೆಂದು, ಕಾಡಿನಲ್ಲಿ ಕಡಿದು ಹಾಕಿದ್ದ ಮರದ ನಾಟಾದಿಂದ ಒಂದು ಸಾಗವಾನಿ ಕಂಬ ಹೊತ್ತು ತಂದ. ನಾಟಾ ಗುತ್ತಿಗೆದಾರ ಈಶಪ್ಪ ಕಳವಿನ ಫಿರ್ಯಾದಿ ಕೊಟ್ಟು ಅವನನ್ನು ಲಾಕಪ್ಪಿಗೆ ಹಾಕಿಸಿದ. ಕಾಡನ್ನು ಗಾಡಿಗಟ್ಟಲೆ ಸಾಗಿಸುವವನಿಗೆ ಒಂದು ಕಂಬದ ಸಂಕಟ! ನನಗೆ ಮೈಯೆಲ್ಲ ಉರಿಯಿತು. ಆದರೆ ಬಡವನ ಸಿಟ್ಟು ದವಡೆಗೆ ಮೂಲ, ಸುಮ್ಮನಿದ್ದೆ.

ಅದೇ ಚಳಿಗಾಲ ಕೆರೆಗೆ ರಾಜಹಂಸಗಳು ಬಂದವು. ಎದೆಯೆತ್ತರದ ಹಕ್ಕಿಗಳು. ಮೈ ಹೆಚ್ಚುಕಡಿಮೆ ಬಿಳಿ, ರೆಕ್ಕೆ ಬಿಚ್ಚಿದರೆ ಮಾತ್ರ ಕೆಂಪು, ಬಾಗಿದ ಕೊಕ್ಕಿನ ತುದಿಯಷ್ಟೇ ಕಪ್ಪು. ತಲೆಯನ್ನು ಬುಡಮೇಲಾಗಿ ಕೆಸರಿಗಿಳಿಸಿ ಬಸವನಹುಳು, ಸೀಗಡಿ, ಬೀಜ, ಸಿಕ್ಕಿದ್ದನ್ನೆಲ್ಲ ತಿನ್ನುತ್ತಿದ್ದವು. ಅವುಗಳ ನಡುವೆ ಒಂದು ಮಾತ್ರ ಗಿಡ್ಡ; ಮೈಯೆಲ್ಲ ಕಡುಗುಲಾಬಿ, ಕೊಕ್ಕು ಒಣಗಿದ ರಕ್ತದ ಬಣ್ಣ. ಅದು ಮೀನಿನ ಬಲೆಗೆ ಸಿಕ್ಕಿ ರೆಕ್ಕೆ ಮುರಿದುಕೊಂಡಿತು. ಉಳಿದವು ಬೆದರಿ, ನೀರಿನ ಮೇಲೆ ದೂರದವರೆಗೆ ಓಡಿ, ಎದ್ದು ಹಾರಿಹೋದವು.

“ಮರೀನ ಬಿಟ್ಟು ಹೋದ್ವಲ್ಲೋ ಯಪ್ಪಾ” ಎಂದು ಚಾಂದಬಿ ಅದನ್ನು ಸೆರಗಿನಲ್ಲಿ ಸುತ್ತಿ ಮನೆಗೆ ತಂದಳು.

ಸುದ್ದಿ ಕೇಳಿ ಈಶಪ್ಪನೇ ಬಂದ. “ಹಕ್ಕಿ ಭಾರೀ ಐತಿ. ಶಿವರಾತ್ರಿ ಆದಮ್ಯಾಲ ಜಂಗಲ್ ಖಾತೇದ ದೊಡ್ಡ ಸಾಹೇಬ್ರು ಬರ್ತಾರ, ಅವರ ತೋಟಕ್ಕ ಕೊಡೂಣು. ಅಲ್ಲೀತನ ಜ್ವಾಪಾನ ಮಾಡು. ನಿನ್ನ ಮಗನ ಮ್ಯಾಲಿನ ಫಿರ್ಯಾದಿ ವಾಪಸ್ ತಗೋತೇನಿ.”

ಅಲ್ಲಿಗೆ ಆ ಹಕ್ಕಿಯ ಉಸಿರಿಗೂ ಇಬ್ರಾಹಿಮನ ಬಿಡುಗಡೆಗೂ ಗಂಟು ಬಿತ್ತು.

ಹೆತ್ತ ಮಗನಿಗೂ ಅವಳು ಅಷ್ಟು ಮಾಡಿರಲಿಲ್ಲ. ದೊಡ್ಡ ಹಕ್ಕಿಗಳು ತಿಂದದ್ದನ್ನು ಕಂಡಿದ್ದಳಲ್ಲ, ಬಸವನಹುಳು ಆರಿಸಿ ತಂದು ಕುಟ್ಟಿ ಇಟ್ಟಳು. ಗಂಜಿ ಇಟ್ಟಳು. ಹಕ್ಕಿ ಮೂಸಲಿಲ್ಲ. ಮಣ್ಣಿನ ಅಗಲವಾದ ಪರಾತದಲ್ಲಿ ನೀರಿಟ್ಟರೆ ಮಾತ್ರ ತಲೆ ಬುಡಮೇಲು ಮಾಡಿ ಕೊಕ್ಕು ಅದ್ದಿ, ಗಂಟಲು ಪಟಪಟ ಆಡಿಸುತ್ತ ಗಂಟೆಗಟ್ಟಲೆ ನಿಲ್ಲುತ್ತಿತ್ತು.

“ನೋಡ್ರಿ ಶಿವಲಿಂಗಪ್ಪಾರ, ಕೂಸಿಗೆ ಎಷ್ಟ್ ನೀರಡಿಕಿ” ಎಂದು ಅವಳು ನನಗೆ ತೋರಿಸಿ ಹಿಗ್ಗುತ್ತಿದ್ದಳು. ಕೂಸಲ್ಲವೇ, ಅದಕ್ಕೆ ಮಡಿಕೆ ಹೆಚ್ಚಿಸಿ ಎರಡೆರಡು ಸಲ ಸೋಸಿದಳು. ನೀರು ಕನ್ನಡಿಯಂತಾಗಿ ಪರಾತದ ತಳ ಕಾಣುತ್ತಿತ್ತು.

ಹಕ್ಕಿಯ ಎದೆಯೆಲುಬು ಎದ್ದು ಬಂತು. ಕಾಲಿನ ಕೆಂಪು ಮಂಕಾಯಿತು. ಶಿವರಾತ್ರಿ ಇನ್ನೂ ಮುಂದಿತ್ತು. ಒಂದು ಬೆಳಿಗ್ಗೆ ಅದು ಕೊಕ್ಕನ್ನು ನೀರಿನಲ್ಲಿಟ್ಟುಕೊಂಡೇ ಸತ್ತುಬಿದ್ದಿತ್ತು. ಚಾಂದಬಿ ಸತ್ತ ಹಕ್ಕಿಯನ್ನೇ ಎತ್ತಿಕೊಂಡು ಈಶಪ್ಪನ ಅಂಗಳಕ್ಕೆ ಹೋಗಿ ಕಾಲು ಹಿಡಿದಳು. “ಮಾತು ಜೀವಂತ ಹಕ್ಕೀದಾಗಿತ್ತು” ಎಂದು ಅವನು ಒಳಗೆ ಹೋದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಇಬ್ರಾಹಿಮನಿಗೆ ಶಿಕ್ಷೆಯಾಯಿತು. ದೂರದ ಜೈಲಿನಲ್ಲಿ ಜ್ವರ ಬಂದು ಮಳೆಗಾಲ ಮುಗಿಯುವುದರೊಳಗೆ ತೀರಿಕೊಂಡ. ಅವಳಿಗೆ ಮಣ್ಣು ಹಾಕಲು ಹೆಣವೂ ಸಿಗಲಿಲ್ಲ.

ಕೆಲವು ವರ್ಷಗಳ ಮೇಲೆ ನಾನು ಕೂಲಿಗೆಂದು ಕಛ್ ಕಡೆಯ ಉಪ್ಪಿನ ಆಗರಕ್ಕೆ ಹೋದೆ. ಅಲ್ಲಿ ನೀರು ಕಂಡಲ್ಲೆಲ್ಲ ರಾಜಹಂಸಗಳು. ಗಿಡ್ಡವು ದೊಡ್ಡವುಗಳ ಮರಿಗಳಲ್ಲವೆಂದು, ಅವು ಬೇರೆಯೇ ಜಾತಿಯೆಂದು ನನಗೆ ತಿಳಿದದ್ದು ಅಲ್ಲಿ. ಮರಿಗಳ ಬಣ್ಣ ಬೂದಿ. ಕೆಸರಿನ ಗುಡ್ಡೆ ಕಟ್ಟಿ, ಮೇಲೆ ಒಂದೇ ಮೊಟ್ಟೆಯಿಟ್ಟು, ತಂದೆ ತಾಯಿ ಎರಡೂ ಗಂಟಲಿನಲ್ಲಿ ಊರುವ ಹಾಲಿನಂಥ ಕೆಂಪು ರಸ ಉಣಿಸಿ ತಾವು ಬಿಳಿಚಿಕೊಳ್ಳುತ್ತವಂತೆ. ಗಿಡ್ಡ ಜಾತಿಯ ಕೊಕ್ಕಿನೊಳಗೆ ನವಿರಾದ ಜರಡಿಯಿದೆ. ನೀರಿನಲ್ಲಿ ತೇಲುವ ಹಸಿರು ಪಾಚಿಯ ಪುಡಿಯನ್ನು ಸೋಸಿ ತಿನ್ನುವುದೇ ಅವುಗಳ ಊಟ. ಮೈಯ ಗುಲಾಬಿಯೂ ಅದರಿಂದಲೇ.

ಊರಿಗೆ ಮರಳಿದ ಮೇಲೆ ಚಾಂದಬಿಯನ್ನು ನೋಡಲು ಹೋದೆ. ಮುದುಕಿಯಾಗಿದ್ದಳು. ಕಛ್ ಎಂದೊಡನೆ ಕೇಳಿದಳು, “ಅಲ್ಲೆ ನಮ್ಮ ಹಕ್ಕಿ ಇರ್ತಾವೇನ್ರಿ? ಏನ್ ತಿಂತಾವ?”

ನನ್ನ ಬಾಯಿಗೆ ಬೀಗವಿಲ್ಲ. ಹೇಳಿಬಿಟ್ಟೆ.

ಅವಳು ಎದ್ದು ಕೊಡದ ಬಾಯಿಯ ಬಟ್ಟೆ ಬಿಚ್ಚಿದಳು. ಮೇಲೆ ಹಸಿರು ಕಸ ನಿಂತಿತ್ತು.

“ಹಂಗಾರ ನಾ ದಿನಾ ಜಾಡಿಸಿ ಚೆಲ್ಲಿದ್ದು ಅದರ ಊಟಾನ?”

ಅವಳು ಅಂಗಳಕ್ಕೆ ಬಂದು, ರೂಢಿಯಂತೆ ಜಾಡಿಸಲು ಕೈಯೆತ್ತಿದವಳು, ಆ ಬಟ್ಟೆಯನ್ನು ಹಿಡಿದುಕೊಂಡು ಹಾಗೆಯೇ ನಿಂತುಬಿಟ್ಟಳು.