ಮಾದಪ್ಪಣ್ಣ ತಡೆಹಿಡಿದ ಗ್ರಾಫಿಕ್ಸ್ ಕಾರ್ಡು

ಮಾದಪ್ಪಣ್ಣನ ಕಂಪ್ಯೂಟರಿನ ಕೀಬೋರ್ಡಿನಲ್ಲಿ ಬಾಣದ ಗುರುತಿನ ಕೀಲಿಗಳು ಮಾತ್ರ ಹಳದಿಯಾಗಿದ್ದವು. ಅದು ಅವರ ಬೆರಳಿನ ಬಣ್ಣ. ಕೊಳ್ಳೇಗಾಲದಲ್ಲಿ ಅವರದು ಅರಿಸಿನದ ಮಂಡಿ. ಹನೂರು, ಕಾಮಗೆರೆ ಕಡೆಯ ರೈತರಿಂದ ಮಾಲು ಕೊಂಡು, ರೇಟು ಏರುವವರೆಗೆ ಗೋದಾಮಿನಲ್ಲಿ ತಡೆಹಿಡಿದು, ಆಮೇಲೆ ಈರೋಡಿಗೆ ಕಳಿಸುವುದು ಅವರ ಕಸುಬು. ಹಗಲೆಲ್ಲ ಅರಿಸಿನದ ಕೊಂಬು ಮುರಿದು ಬಣ್ಣ ನೋಡಿದ ಅದೇ ಕೈಯಿಂದ ಸಂಜೆ ಕಂಪ್ಯೂಟರಿನಲ್ಲಿ ಲಾರಿ ಓಡಿಸುತ್ತಿದ್ದರು.

ಆ ಗೇಮನ್ನು ಹಾಕಿಕೊಟ್ಟವನು ನಾನೇ. ಯಳಂದೂರಿನಲ್ಲಿ ಮೇಷ್ಟ್ರಾಗಿರುವ ನನ್ನ ಮನೆ ಅವರ ಮಂಡಿಯ ಹಿಂದಿನ ಬೀದಿಯಲ್ಲಿದೆ. ಅರವತ್ತು ದಾಟಿದ ಮನುಷ್ಯನಿಗೆ ಇದೇನು ಹುಚ್ಚು ಎಂದು ಕೇಳಿದರೆ ಅವರ ಉತ್ತರ ಸಿದ್ಧವಾಗಿತ್ತು.

“ಹುಡ್ಗನಾಗಿದ್ದಾಗ ಈರೋಡ್ ಲೋಡ್ ಜೊತೆ ದಿಂಬಂ ಘಾಟಿ ಇಳೀತಿದ್ದೆ ಕಣ್ರಿ. ಮಳೆ ಅಂದ್ರೆ ಮಳೆ. ವೈಪರ್ ಆಡ್ತಾ ಇರದು, ಕೆಳಗೆಲ್ಲ ಮಂಜು. ಆ ಡ್ರೈವರು ಒಂದ್ ಸಲನಾರ ಸ್ಟೇರಿಂಗ್ ಮುಟ್ಟುಕ್ ಬುಡ್ಲಿಲ್ಲ. ಮಳೇಲಿ ಘಾಟಿ ಇಳ್ಸ್‌ಬೇಕು ಮೇಷ್ಟ್ರೇ, ನಾನೇ ಇಳ್ಸ್‌ಬೇಕು.”

ಗೇಮಿನಲ್ಲಿ ಘಾಟಿಯೂ ಇತ್ತು, ಮಳೆಯೂ ಇತ್ತು. ಅವರ ಹಳೇ ಕಂಪ್ಯೂಟರಿಗೆ ಮಾತ್ರ ಅದನ್ನು ತೋರಿಸುವ ತ್ರಾಣವಿರಲಿಲ್ಲ. ಮಳೆ ಬಿಳಿ ಗೀಟುಗಳಾಗಿ ನಿಂತುಬಿಡುತ್ತಿತ್ತು, ಲಾರಿ ತಿರುವಿನಲ್ಲಿ ಬಿಕ್ಕಳಿಸುತ್ತಿತ್ತು. ಒಳ್ಳೆಯ ಗ್ರಾಫಿಕ್ಸ್ ಕಾರ್ಡು ಹಾಕಿಸಿದರೆ ಸರಿಹೋಗುತ್ತದೆ ಎಂದೆ. ನನ್ನ ಗ್ರಹಚಾರ ಅಲ್ಲಿಂದ ಶುರುವಾಯಿತು.

ಮೊದಲ ಸಲ ಕಂಪ್ಯೂಟರ್ ಅಂಗಡಿಗೆ ಕರೆದುಕೊಂಡು ಹೋದಾಗ ಅಂಗಡಿಯವನು ಪೆಟ್ಟಿಗೆ ಬಿಚ್ಚಿ ಕಾರ್ಡನ್ನು ಮೇಜಿನ ಮೇಲಿಟ್ಟ. ಮಾದಪ್ಪಣ್ಣ ಅದನ್ನು ಎತ್ತಿ ತೂಕ ನೋಡಿದರು, ಫ್ಯಾನನ್ನು ಬೆರಳಿನಿಂದ ತಿರುಗಿಸಿದರು.

“ಇದು ಯಾವಾಗ ಬಂದ ಮಾಲು? ಮುಂದಿನ್ ಬೆಳೆ ಯಾವಾಗ?”

“ಹೊಸಾ ಸೀರೀಸು ದೀಪಾವಳಿ ಹೊತ್ಗೆ ಬರಬೋದು ಸಾ,” ಎಂದ ಆ ಪುಣ್ಯಾತ್ಮ. ಸುಮ್ಮನಿರಬಾರದಿತ್ತೇ?

ಮಾದಪ್ಪಣ್ಣ ಆಗಲೇ ಎದ್ದು ಚಪ್ಪಲಿ ಮೆಟ್ಟಿದ್ದರು. “ಹೊಸ್ ಬೆಳೆ ಬಂದ್ರೆ ಹಳೇದು ಬೀಳ್ತದೆ. ತಡ್ಕಳಿ ಮೇಷ್ಟ್ರೇ.”

ದೀಪಾವಳಿ ಬಂತು, ಹೊಸದೂ ಬಂತು. ಹಳೆಯದು ಸ್ವಲ್ಪ ಇಳಿಯಿತು. ಇಳಿಯುತ್ತಿದೆ ಎಂದಮೇಲೆ ಇನ್ನೂ ಇಳಿಯುತ್ತದೆ, ತಡ್ಕಳಿ ಎಂದರು. ಆಮೇಲೆ ಎಲ್ಲೆಲ್ಲಿಯದೋ ಕಂಪನಿಗಳು ಎಐಗೆಂದು ಮೆಮೊರಿ ಚಿಪ್ಪುಗಳನ್ನೆಲ್ಲ ಬಾಚಿಕೊಂಡವು, ಕಾರ್ಡುಗಳ ರೇಟು ಏರತೊಡಗಿತು. ಈಗಲಾದರೂ ಕೊಳ್ಳುತ್ತಾರೆ ಎಂದುಕೊಂಡೆ. “ಏರೋ ಟೈಮಲ್ಲಿ ಮಾರ್ಬೇಕು, ಯಾರಾರ ಕೊಂಡಾರಾ?” ಎಂದು ನನ್ನನ್ನೇ ಬೈದರು. ಇಳಿದರೂ ಕೊಳ್ಳದ, ಏರಿದರೂ ಕೊಳ್ಳದ ಈ ಮನುಷ್ಯನ ಜೊತೆ ಅಂಗಡಿಗೆ ಅಲೆದೂ ಅಲೆದೂ, ಅಂಗಡಿಯವನು ನಮ್ಮನ್ನು ಕಂಡರೆ ಫೋನು ಕಿವಿಗಿಟ್ಟುಕೊಳ್ಳುವ ಹಾಗಾಯಿತು. ಮಾಡಿದ್ದು ಅವರು, ಮಾನ ಹೋದದ್ದು ನನ್ನದು.

ಈ ನಡುವೆ ಅವರ ಸಕ್ಕರೆ ಕಾಯಿಲೆ ಕಣ್ಣಿಗಿಳಿಯಿತು. ಕಣ್ಣಿನ ಹಿಂದಿನ ಪರದೆ ಹಾಳಾಗುತ್ತಿದೆ, ಇಂಜೆಕ್ಷನ್ ಕೊಟ್ಟರೂ ಹೋದ ನೋಟ ವಾಪಸು ಬರುವುದು ಕಷ್ಟ ಎಂದು ಡಾಕ್ಟರು ಹೇಳಿದರು. ಮಂಡಿಯಲ್ಲಿ ಅರಿಸಿನದ ಬಣ್ಣ ನೋಡಲು ಕೊಂಬನ್ನು ಬಾಗಿಲ ಬೆಳಕಿಗೆ ಒಯ್ಯುವುದನ್ನು ನಾನೇ ನೋಡಿದೆ. ಅವತ್ತು ರೇಗಿಬಿಟ್ಟೆ.

“ಅಣ್ಣ, ಅರಿಸಿನ ಮೂಟೇಲಿ ವರ್ಷಗಟ್ಟಲೆ ಇರ್ತದೆ. ಕಣ್ಣು ಇರ್ತದಾ? ನಾಳೆನೇ ಓಗಿ ತರಣ.”

“ಡಾಕ್ಟ್ರುಗಳು ಎದ್ರಿಸ್ತಾರೆ ಕಣ್ರಿ,” ಎಂದರು ತಣ್ಣಗೆ. “ಯುಗಾದಿ ಕಳೀಲಿ. ರೇಟು ಬಿದ್ದೇ ಬೀಳ್ತದೆ.”

ಕೋಪದಲ್ಲಿ ನಾನು ಬಹಳ ದಿನ ಮಂಡಿಯ ಕಡೆ ತಲೆ ಹಾಕಲಿಲ್ಲ. ಯುಗಾದಿ ಕಳೆದ ಮೇಲೆ ಅವರೇ ಫೋನು ಮಾಡಿದರು. “ಬನ್ನಿ ಮೇಷ್ಟ್ರೇ, ತಂದ್‌ಬುಟ್ಟೆ.” ರೇಟು ಬಿದ್ದಿರಲಿಲ್ಲ. ಹಿಂದೆಂದೂ ಇಲ್ಲದಷ್ಟು ಏರಿದ್ದಾಗ, ಚೌಕಾಶಿಯನ್ನೂ ಮಾಡದೆ ತಂದಿದ್ದರು. ಮಂಡಿಯನ್ನು ಕಾಯಂ ಆಗಿ ಮುಚ್ಚಿ, ತಾಳವಾಡಿಯಲ್ಲಿರುವ ಮಗಳ ಮನೆಗೆ ಹೊರಟಿದ್ದಾರೆಂದು ಅವರ ಹೆಂಡತಿ ಗೌರಮ್ಮ ಬಾಗಿಲಲ್ಲೇ ಹೇಳಿದರು. ಮಾರನೆಯ ದಿನ ಪ್ರಯಾಣ.

ಕಾರ್ಡು ಹಾಕಿಕೊಟ್ಟೆ, ಗೇಮು ಶುರುವಾಯಿತು. ಮಳೆ ನಿಜವಾದ ಮಳೆಯಂತೆಯೇ ಸುರಿಯಿತು. ಮಾದಪ್ಪಣ್ಣ ಮೊದಲ ತಿರುವಿನಲ್ಲೇ ಲಾರಿಯನ್ನು ಬಂಡೆಗೆ ಗುದ್ದಿದರು. ಮತ್ತೆ ಹೊರಟರು, ಮತ್ತೆ ಗುದ್ದಿದರು. ಮುಖವನ್ನು ಪರದೆಗೆ ತಾಗುವಷ್ಟು ಹತ್ತಿರ ತಂದು ಓರೆಯಾಗಿ ನೋಡಿದರು. ಆಮೇಲೆ ಕುರ್ಚಿ ಬಿಟ್ಟು ಎದ್ದರು.

“ನಡೂಮಧ್ಯ ಎಲ್ಲ ಮಬ್ಬು. ನೀವ್ ಓಡ್ಸಿ. ಏನ್ ಕಾಣ್ತದೆ, ಏಳ್ತಾ ಓಗಿ.”

ಓಡಿಸಿದೆ. ವೈಪರ್ ಆಡುತ್ತಿದೆ ಎಂದೆ. ಕೆಳಗಿನ ಕಣಿವೆಯಲ್ಲಿ ಮಂಜು ತುಂಬಿದೆ, ಎದುರಿನ ಬಸ್ಸಿನ ದೀಪ ಒದ್ದೆ ರಸ್ತೆಯ ಮೇಲೆ ಉದ್ದಕ್ಕೆ ಬಿದ್ದಿದೆ ಎಂದೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ತಿರುವು ಬಂತೆಂದರೆ ಅವರ ಬಲಗಾಲು ಇಲ್ಲದ ಬ್ರೇಕು ಒತ್ತುತ್ತಿತ್ತು. ಘಾಟಿ ಇಳಿದು ಬಯಲಿಗೆ ಬಂದಾಗ ಒಂದು ಉಸಿರು ಬಿಟ್ಟರು.

“ಚೆನ್ನಾಗದೆ. ಆದ್ರೂ ಬರೋ ವರ್ಸ ಇನ್ನೂ ಒಳ್ಳೇದು ಬತ್ತದಂತೆ, ಅಂಗಡಿಯವ್ನೇ ಅಂದ. ತಡ್ಕಬೋದಿತ್ತು ಮೇಷ್ಟ್ರೇ.”

ರೇಗಲೆಂದು ಬಾಯಿ ತೆರೆದೆ. ಬಾಯಿಗೆ ಬಂದದ್ದು, “ಮಳೆ ಇನ್ನೂ ನಿಂತಿಲ್ಲ ಅಣ್ಣ.” ಲಾರಿ ತಿರುಗಿಸಿ, ಮತ್ತೆ ಘಾಟಿ ಹತ್ತಿಸಿದೆ.